ಊರು ಗೆರೆಯೆಳೆಯುವುದಿಲ್ಲ

ಶಾಲೆಯ ಸ್ಮರಣ ಸಂಚಿಕೆಗೆ ಕನ್ನಡ ಪಂಡಿತನೊಬ್ಬನಿಂದ ಲೇಖನವನ್ನು ಅಪೇಕ್ಷಿಸುವಾಗ ಸಂಪಾದಕ ಮಂಡಳಿಯ ಮನಸ್ಸಿನಲ್ಲಿ ಎಂತಹ ಬರಹವಿರುತ್ತದೆಂಬುದು ವಾಚಕ ಮಹಾಶಯರಿಗೆ ತಿಳಿಯದ ಸಂಗತಿಯಲ್ಲ. ಹಳಗನ್ನಡ ಕಾವ್ಯದ ರಸಸ್ಥಾನಗಳು, ಷಟ್ಪದಿಯ ಗತಿ, ಗಾದೆಗಳ ಅರ್ಥಗಾಂಭೀರ್ಯ ಮೊದಲಾದವು ನಮ್ಮಂತಹವರ ಪಾಲಿಗೆ ಬಿಟ್ಟ ಹೊಲಗಳು. ಈ ಸಲ ಆ ಹೊಲದ ಬದುವನ್ನು ದಾಟಿ, ಗಣಕಯಂತ್ರದ ಪರದೆಯ ಮೇಲೆ ಚಿತ್ರ ಬರೆಯುವ ವಿದ್ಯೆಯನ್ನು ಕುರಿತು ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ಇದನ್ನು ಪಂಡಿತನ ವಿನೋದವೆಂದು ಯಾರೂ ಭಾವಿಸಬಾರದು. ಆ ವಿದ್ಯೆಯನ್ನು ಕಲಿಯುವ ಮಕ್ಕಳು ಮೊದಲ ತಿಂಗಳಲ್ಲಿಯೇ ಎಡವುವ ಒಂದು ಕಲ್ಲಿದೆ. ಆ ಕಲ್ಲನ್ನು ನಾಲ್ಕೂ ಕಡೆಯಿಂದ ನೋಡಿದ ಮೇಲೆ, ಅದು ಯಂತ್ರಶಾಸ್ತ್ರದ ಕಲ್ಲಲ್ಲ, ನಮ್ಮ ವ್ಯಾಕರಣದ ಅಂಗಳದಲ್ಲಿಯೇ ಬಹುಕಾಲದಿಂದ ಬಿದ್ದಿರುವ ಕಲ್ಲು ಎಂಬುದು ನನಗೆ ಮನವರಿಕೆಯಾಗಿದೆ. ಅದನ್ನು ಅಧ್ಯಾಪಕ ಮಿತ್ರರ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿರಿಸುವುದು ನನ್ನ ಉದ್ದೇಶ.

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ, ಬಳಿಕ ಗಣಕಶಾಸ್ತ್ರದ ಡಿಪ್ಲೊಮಾಕ್ಕೆ ಸೇರಿದ ಹಳೇಕೋಟೆ ಹೋಬಳಿಯ ಒಬ್ಬ ವಿದ್ಯಾರ್ಥಿನಿ ದಸರಾ ರಜೆಯಲ್ಲಿ ನನ್ನನ್ನು ಕಾಣಲು ಬಂದಳು. ತಂದೆ ರಾಗಿ, ಆಲೂಗೆಡ್ಡೆ ಬೆಳೆಯುವವರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಓದನ್ನು ಬಿಟ್ಟುಬಿಡುವ ಮಾತನ್ನು ಅವಳು ಆಡಿದಳು. ತರಗತಿಯಲ್ಲಿ ಕೊಟ್ಟ ಅಭ್ಯಾಸವೊಂದು ಅವಳಿಗೆ ಬಗೆಹರಿದಿರಲಿಲ್ಲ. ಅದನ್ನು ಕಂಡ ಉಪನ್ಯಾಸಕರೊಬ್ಬರು, ಕನ್ನಡ ಮಾಧ್ಯಮದವರಿಗೆ ತರ್ಕ ಹತ್ತುವುದಿಲ್ಲ, ಬೇರೆ ವಿಷಯ ನೋಡಿಕೊಳ್ಳುವುದು ಲೇಸು ಎಂದು ಎಲ್ಲರ ಎದುರಿಗೆ ನುಡಿದಿದ್ದರಂತೆ. “ಗುರುಗಳೇ, ಇಂಗ್ಲಿಷ್ ಸರಿಯಾಗಿ ಬಾರದ್ದಕ್ಕೇ ಹೀಗಾಗುತ್ತಿದೆಯೆ?” ಎಂದು ಅವಳು ಕೇಳಿದಾಗ, ಉತ್ತರ ಹೇಳುವ ಮೊದಲು ಅವಳು ಬರೆದದ್ದೇನು, ಯಂತ್ರ ಹೇಳಿದ್ದೇನು ಎಂಬುದನ್ನು ನೋಡಬೇಕಲ್ಲವೆ? “ತೋರಿಸು ತಾಯಿ, ಓದೋಣ” ಎಂದೆ.

ಕೊಟ್ಟಿದ್ದ ಕೆಲಸವಿಷ್ಟೆ: ಸಿ ಶಾರ್ಪ್ ಎಂಬ ಗಣಕಭಾಷೆಯಲ್ಲಿ ಕಾರ್ಯಕ್ರಮ ಬರೆದು, ಪರದೆಯ ಮೇಲೆ ತೆರೆಯುವ ಒಂದು ಕಿಟಕಿಯೊಳಗೆ ಯಾವುದಾದರೂ ಚಿತ್ರವನ್ನು ಮೂಡಿಸಬೇಕು. ಅವಳು ಅಜ್ಜಿಯಿಂದ ಕಲಿತ ಚುಕ್ಕಿ ರಂಗೋಲಿಯನ್ನು ಆರಿಸಿಕೊಂಡಿದ್ದಳು. ಮೈಕ್ರೋಸಾಫ್ಟ್ ಸಂಸ್ಥೆಯವರು 2002ರಲ್ಲಿ ಡಾಟ್‌ನೆಟ್ ಎಂಬ ಚೌಕಟ್ಟಿನೊಡನೆ ಹೊರತಂದ ಈ ಭಾಷೆಯಲ್ಲಿ ಚಿತ್ರಲೇಖನದ ಪರಿಕರಗಳೆಲ್ಲ ‘ಸಿಸ್ಟಮ್.ಡ್ರಾಯಿಂಗ್’ ಎಂಬ ಹೆಸರಿನಡಿ ಸೇರಿವೆ. ಪುಟದ ನೆತ್ತಿಯಲ್ಲಿ ‘ಯೂಸಿಂಗ್ ಸಿಸ್ಟಮ್.ಡ್ರಾಯಿಂಗ್’ ಎಂದು ಬರೆದು, ಕೆಳಗೆ ‘ಸಿಸ್ಟಮ್.ಡ್ರಾಯಿಂಗ್.ಡ್ರಾಲೈನ್’ ಎಂದು ಆಜ್ಞೆ ಮಾಡಿದ್ದಳು. ಆ ಹೆಸರಿನೊಳಗೆ ಅಂತಹುದೊಂದು ಇಲ್ಲವೆಂದು ಯಂತ್ರ ಹೇಳಿತು. ‘ಗ್ರಾಫಿಕ್ಸ್.ಡ್ರಾಲೈನ್’ ಎಂದು ತಿದ್ದಿದಳು. ಅದಕ್ಕೆ ನಿರ್ದಿಷ್ಟವಾದ ಒಂದು ವಸ್ತುವಿನ ಉಲ್ಲೇಖ ಬೇಕೆಂದು ಹೇಳಿತು. ಹಾಗಾದರೆ ಹೊಸದೊಂದನ್ನು ಮಾಡಿಕೊಳ್ಳುತ್ತೇನೆಂದು ‘ನ್ಯೂ ಗ್ರಾಫಿಕ್ಸ್’ ಎಂದು ಬರೆದಳು. ಹಾಗೆ ಸೃಷ್ಟಿಸುವ ದಾರಿಯಿಲ್ಲವೆಂದು ಮತ್ತೆ ಹೇಳಿತು. ಮೂರು ಪ್ರಯತ್ನ, ಮೂರು ನಿರಾಕರಣೆ. ಆದರೆ ಆ ಮೂರನ್ನೂ ಸಾಲಾಗಿ ಇರಿಸಿ ಓದಿದವನಿಗೆ, ಯಂತ್ರವು ಗದರುತ್ತಿಲ್ಲ, ಪಾಠ ಹೇಳುತ್ತಿದೆ ಎಂಬುದು ಕಾಣುತ್ತದೆ. ಮೊದಲನೆಯದು ಕ್ಷೇತ್ರದ ಪಾಠ, ಎರಡನೆಯದು ಜಾತಿ ಮತ್ತು ವ್ಯಕ್ತಿಗಳ ಪಾಠ, ಮೂರನೆಯದು ಆಶ್ರಯದ ಪಾಠ.

ಮೊದಲು ಕ್ಷೇತ್ರದ ವಿಚಾರ. ಗಣಕ ಪಂಡಿತರು ‘ನೇಮ್‌ಸ್ಪೇಸ್’ ಎನ್ನುವುದನ್ನು ನಾನು ‘ನಾಮಕ್ಷೇತ್ರ’ವೆಂದು ಕರೆದುಕೊಂಡಿದ್ದೇನೆ. ಅದರ ಪ್ರಯೋಜನವನ್ನು ತಿಳಿಯಲು ನಮ್ಮ ಅಂಚೆಯ ವಿಳಾಸವೇ ಸಾಕು. ನರಸೀಪುರವೆಂದರೆ ಯಾವ ನರಸೀಪುರ? ಹೇಮಾವತಿಯ ದಡದ ಹೊಳೆನರಸೀಪುರವೊ, ಕಾವೇರಿ ಕಪಿಲೆಯರ ಸಂಗಮದ ತಿರುಮಕೂಡಲು ನರಸೀಪುರವೊ? ಹೆಸರು ಒಂದೇ ಆದಾಗ ಮುಂದೊಂದು ವಿಶೇಷಣ ಬೇಕಾಗುತ್ತದೆ. ಆದುದರಿಂದಲೇ ನಾವು ಊರಿನ ಹೆಸರಿಗೆ ಹೋಬಳಿ, ತಾಲ್ಲೂಕು, ಜಿಲ್ಲೆಗಳನ್ನು ಹಚ್ಚಿ ಬರೆಯುತ್ತೇವೆ. ಗಣಕದ ಲೋಕದಲ್ಲಿಯೂ ಹೀಗೆಯೇ. ಈ ಡಾಟ್‌ನೆಟ್ ಒಂದರಲ್ಲಿಯೇ ‘ಟೈಮರ್’ ಎಂಬ ಹೆಸರಿನವು ಮೂರಿವೆ: ಒಂದು ‘ಸಿಸ್ಟಮ್.ವಿಂಡೋಸ್.ಫಾರ್ಮ್ಸ್’ ಎಂಬ ಕ್ಷೇತ್ರದ್ದು, ಮತ್ತೊಂದು ‘ಸಿಸ್ಟಮ್.ಥ್ರೆಡಿಂಗ್’ ಕ್ಷೇತ್ರದ್ದು, ಮೂರನೆಯದು ‘ಸಿಸ್ಟಮ್.ಟೈಮರ್ಸ್’ ಕ್ಷೇತ್ರದ್ದು. ಮೂವರೂ ಹೊತ್ತು ಎಣಿಸುವವರೇ. ಆದರೆ ಮೂವರ ನಡೆಯೂ ಬೇರೆ ಬೇರೆ. ಕ್ಷೇತ್ರದ ಹೆಸರಿಲ್ಲದಿದ್ದರೆ ಕಾಗದ ಯಾರ ಮನೆಗೆ ಹೋಗಬೇಕು?

ವಿಳಾಸದ ಕೆಲಸ ಇಷ್ಟಕ್ಕೇ ಮುಗಿಯಿತು. ಹಳೇಕೋಟೆ ಹೋಬಳಿಯು ಹೊಲ ಉಳುವುದಿಲ್ಲ. ಆ ಹೋಬಳಿಯ ರೈತ ಉಳುತ್ತಾನೆ. ಹೊಳೆನರಸೀಪುರ ತಾಲ್ಲೂಕು ಪಾಠ ಹೇಳುವುದಿಲ್ಲ. ಆ ತಾಲ್ಲೂಕಿನ ಅಧ್ಯಾಪಕ ಹೇಳುತ್ತಾನೆ. ಅಂತೆಯೇ ‘ಸಿಸ್ಟಮ್.ಡ್ರಾಯಿಂಗ್’ ಗೆರೆಯೆಳೆಯುವುದಿಲ್ಲ. ಅದು ನೆಲೆಯೇ ಹೊರತು ಕರ್ತೃವಲ್ಲ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅದಕ್ಕೆ ಸಲ್ಲುವುದು ಸಪ್ತಮೀ ವಿಭಕ್ತಿ, ಪ್ರಥಮೆಯಲ್ಲ.

ಇಲ್ಲಿ ‘ಯೂಸಿಂಗ್’ ಎಂಬ ಸಾಲು ಮಕ್ಕಳನ್ನು ಬಹಳವಾಗಿ ದಾರಿ ತಪ್ಪಿಸುತ್ತದೆ. ಬಳಸುತ್ತಿದ್ದೇನೆ ಎಂದು ನೆತ್ತಿಯಲ್ಲಿ ಬರೆದ ಮೇಲೆ ಉಪಕರಣ ಕೈಗೆ ಬಂದಿತೆಂದೇ ಅವರು ಭಾವಿಸುತ್ತಾರೆ. ಆ ಸಾಲು ಏನನ್ನೂ ಸೃಷ್ಟಿಸುವುದಿಲ್ಲ. ಕೆಳಗೆ ಬರುವ ಹೆಸರುಗಳನ್ನು ಮೊಟಕಾಗಿ ಬರೆಯಲು ಅನುಮತಿ ಕೊಡುತ್ತದೆ, ಅಷ್ಟೆ. ಪಾಣಿನಿಯ ಅಷ್ಟಾಧ್ಯಾಯಿಯನ್ನು ಪಾಠಶಾಲೆಯ ಜಗಲಿಯಲ್ಲಿ ಕುಳಿತು ಕಂಠಪಾಠ ಮಾಡಿದವರಿಗೆ ಇದು ಹೊಸದಲ್ಲ. ಅಲ್ಲಿ ಅಧಿಕಾರ ಸೂತ್ರಗಳೆಂಬ ಒಂದು ವರ್ಗವಿದೆ. ಅವು ತಾವಾಗಿ ಯಾವ ಕಾರ್ಯವನ್ನೂ ವಿಧಿಸುವುದಿಲ್ಲ. ಪ್ರಕರಣದ ತಲೆಯಲ್ಲಿ ನಿಂತು, ಮುಂದಿನ ಸೂತ್ರಗಳಿಗೆಲ್ಲ ತಮ್ಮ ಪದವನ್ನು ಅನುವೃತ್ತಿಯಿಂದ ಹರಿಯಿಸುತ್ತವೆ. ಪ್ರತಿ ಸೂತ್ರದಲ್ಲಿಯೂ ಅದೇ ಮಾತನ್ನು ಮತ್ತೆ ಮತ್ತೆ ಹೇಳುವ ಶ್ರಮ ಇದರಿಂದ ಉಳಿಯುತ್ತದೆ. ‘ಯೂಸಿಂಗ್ ಸಿಸ್ಟಮ್.ಡ್ರಾಯಿಂಗ್’ ಎಂಬುದು ಒಂದು ಅಧಿಕಾರ ಸೂತ್ರ ಎಂದೊಡನೆ ಹುಡುಗಿಯ ಮುಖ ಅರಳಿತು. ಸೂತ್ರದ ತಲೆಬರಹ ರೂಪಸಿದ್ಧಿ ಮಾಡುವುದಿಲ್ಲವೆಂದು ಅವಳಿಗೆ ಒಂಬತ್ತನೆಯ ತರಗತಿಯಲ್ಲಿ ನಾನೇ ಹೇಳಿದ್ದೆ.

ಎರಡನೆಯ ಪಾಠ ಇನ್ನೂ ಸ್ವಾರಸ್ಯವಾದುದು. ‘ಗ್ರಾಫಿಕ್ಸ್’ ಎಂಬುದು ಕ್ಷೇತ್ರವಲ್ಲ; ಅದು ಆ ಕ್ಷೇತ್ರದಲ್ಲಿರುವ ಒಂದು ‘ಕ್ಲಾಸ್’, ಎಂದರೆ ಜಾತಿ. ಜಾತಿಯೆಂದೊಡನೆ ಯಾರೂ ಹುಬ್ಬೇರಿಸಬೇಕಾಗಿಲ್ಲ. ಇದು ತರ್ಕಶಾಸ್ತ್ರದ ಜಾತಿ, ಸಮಾಜವನ್ನು ಒಡೆದ ಜಾತಿಯಲ್ಲ. ಎಲ್ಲ ಹಸುಗಳಿಗೂ ಸಮಾನವಾದ ಹಸುತನವೇ ಜಾತಿ. ಕೊಟ್ಟಿಗೆಯಲ್ಲಿ ಕಟ್ಟಿರುವ ಕಪಿಲೆ ವ್ಯಕ್ತಿ. ಹಸುತನವನ್ನು ಕರೆಯಲಾಗದು, ಕಪಿಲೆಯನ್ನು ಕರೆಯಬಹುದು. ಪದಕ್ಕೆ ಅರ್ಥ ಜಾತಿಯೊ ವ್ಯಕ್ತಿಯೊ ಎಂಬ ವಾದ ನಮ್ಮ ವೈಯಾಕರಣರಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನದು. ವಾಜಪ್ಯಾಯನನು ಪದವು ಆಕೃತಿಯನ್ನು, ಎಂದರೆ ಜಾತಿಯನ್ನು ಹೇಳುತ್ತದೆಂದನು. ವ್ಯಾಡಿಯು ದ್ರವ್ಯವನ್ನು, ಎಂದರೆ ವ್ಯಕ್ತಿಯನ್ನು ಹೇಳುತ್ತದೆಂದನು. ಪತಂಜಲಿಯ ಮಹಾಭಾಷ್ಯದಲ್ಲಿ ಎರಡು ಪಕ್ಷಗಳ ಚರ್ಚೆಯೂ ಇದೆ. ಸಿ ಶಾರ್ಪ್ ಭಾಷೆಯನ್ನು ಕಟ್ಟಿದವರು ಈ ವಾದಕ್ಕೆ ಕೈಹಾಕದೆ, ಎರಡಕ್ಕೂ ಬೇರೆ ಬೇರೆ ಸ್ಥಾನ ಕೊಟ್ಟು ವ್ಯಾಜ್ಯವನ್ನು ತೀರಿಸಿದ್ದಾರೆ. ‘ಡ್ರಾಲೈನ್’ ಎಂಬ ಕ್ರಿಯೆಯು ‘ಇನ್‌ಸ್ಟೆನ್ಸ್ ಮೆಥಡ್’. ಅದು ವ್ಯಕ್ತಿಗತ ಕ್ರಿಯೆ. ಜಾತಿಯ ಹೆಸರು ಹಿಡಿದು ಕರೆದರೆ ಅದು ಓಗೊಡದು.

ನಮ್ಮ ಕೇಶಿರಾಜನ ಶಬ್ದಮಣಿದರ್ಪಣವನ್ನು ಅನುಸರಿಸಿ ಶಾಲೆಯಲ್ಲಿ ಹೇಳಿಕೊಡುವ ರೂಢನಾಮ, ಅಂಕಿತನಾಮಗಳ ಭೇದವೂ ಇದೇ ಜಾಡಿನದು. ನದಿ ಎಂಬುದು ರೂಢನಾಮ, ಹೇಮಾವತಿ ಎಂಬುದು ಅಂಕಿತನಾಮ. ಗೊರೂರಿನಲ್ಲಿ ಅಣೆಕಟ್ಟನ್ನು ಕಟ್ಟಿದ್ದು ಹೇಮಾವತಿಗೇ ಹೊರತು ನದಿತ್ವಕ್ಕಲ್ಲ. ಬೇಲೂರಿನ ಗುಡಿ ಇದಕ್ಕೆ ಇನ್ನೊಂದು ಸಾಕ್ಷಿ. 1117ರಲ್ಲಿ ಪ್ರತಿಷ್ಠೆಯಾದ ಆ ಚೆನ್ನಕೇಶವ ದೇವಾಲಯದ ಮದನಿಕೆಯ ವಿಗ್ರಹಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಶಿಲ್ಪಿಗಳ ಹೆಸರುಗಳು ಕಂಡುಬರುತ್ತವೆ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯಲ್ಲಿಯೂ, ಅದು 1246ರದು, ಮಲ್ಲಿತಮ್ಮ, ಬೈಚೋಜ ಎಂಬ ಶಿಲ್ಪಿಗಳ ಹೆಸರುಗಳಿವೆ. ದಾಸೋಜನ ರುಜುವನ್ನು ಬಿಡಿಸಿ ನೋಡಿ. ಬಳ್ಳಿಗಾವೆ ನಾಮಕ್ಷೇತ್ರ, ಶಿಲ್ಪಿ ಎಂಬುದು ಜಾತಿ, ದಾಸೋಜ ವ್ಯಕ್ತಿ, ಕೆತ್ತುವುದು ಕ್ರಿಯೆ. ಬಳ್ಳಿಗಾವೆ ಎಂಬ ಊರು ಉಳಿ ಹಿಡಿಯಲಿಲ್ಲ. ಶಿಲ್ಪಿತ್ವವೂ ಹಿಡಿಯಲಿಲ್ಲ. ಹಿಡಿದವನು ದಾಸೋಜ. ಊರಿನ ಹೆಸರನ್ನು ಹಚ್ಚಿದ್ದು ಯಾವ ದಾಸೋಜನೆಂದು ತಿಳಿಯಲಿ ಎಂದು. ನಾಲ್ಕು ಪದಾರ್ಥಗಳನ್ನೂ ಗೊಂದಲವಿಲ್ಲದೆ ತಿಳಿಯಲು ಇದಕ್ಕಿಂತ ಸ್ಫುಟವಾದ ಉದಾಹರಣೆ ನನಗೆ ದೊರೆತಿಲ್ಲ.

ಮೂರನೆಯದು ಆಶ್ರಯದ ಪಾಠ. ಲೇಖನಿಯನ್ನು ‘ನ್ಯೂ ಪೆನ್’ ಎಂದು ಹೊಸದಾಗಿ ಮಾಡಿಕೊಳ್ಳಬಹುದು. ಬಣ್ಣ, ದಪ್ಪಗಳನ್ನು ಹೇಳಿದರೆ ಸಾಕು. ಗ್ರಾಫಿಕ್ಸ್ ವ್ಯಕ್ತಿಯನ್ನು ಮಾತ್ರ ಹಾಗೆ ಮಾಡಿಕೊಳ್ಳಲು ಬಾರದು. ಏಕೆಂದರೆ ಚಿತ್ರಕ್ಕೆ ಭಿತ್ತಿ ಬೇಕು. ಗ್ರಾಫಿಕ್ಸ್ ಎಂಬುದು ಯಾವುದಾದರೊಂದು ಮೇಲ್ಮೈಗೆ, ಒಂದು ಕಿಟಕಿಗೊ, ನೆನಪಿನಲ್ಲಿರುವ ಒಂದು ಚಿತ್ರಕ್ಕೊ, ಮುದ್ರಣಯಂತ್ರದ ಹಾಳೆಗೊ ಅಂಟಿಕೊಂಡೇ ಇರತಕ್ಕದ್ದು. ಭಿತ್ತಿಯಿಲ್ಲದೆ ಅದನ್ನು ಸೃಷ್ಟಿಸುವುದೆಂದರೆ ಅಂಗಳವಿಲ್ಲದೆ ರಂಗೋಲಿ ಇಡುತ್ತೇನೆಂದಂತೆ. ಆದುದರಿಂದ ಅದನ್ನು ಭಿತ್ತಿಯ ಒಡೆಯನಿಂದಲೇ ಪಡೆಯಬೇಕು. ಕಿಟಕಿಯು ತನ್ನನ್ನು ಬಣ್ಣಿಸಿಕೊಳ್ಳಬೇಕಾದ ಸಮಯ ಬಂದಾಗ ‘ಪೇಂಟ್’ ಎಂಬ ಘಟನೆಯನ್ನು ಎಬ್ಬಿಸಿ, ಅದರೊಡನೆ ಒಂದು ಗ್ರಾಫಿಕ್ಸ್ ವ್ಯಕ್ತಿಯನ್ನು ಕೈಗಿಡುತ್ತದೆ. ಅದನ್ನು ಹಿಡಿದು ‘ಇ.ಗ್ರಾಫಿಕ್ಸ್.ಡ್ರಾಲೈನ್’ ಎಂದರೆ ಗೆರೆ ಮೂಡುತ್ತದೆ. ‘ಇ’ ಎಂಬುದು ಆ ಘಟನೆಯ ವಿವರಗಳನ್ನು ಹೊತ್ತ ಪೊಟ್ಟಣದ ಹೆಸರು.

ಘಟನೆಗಾಗಿ ಕಾಯದೆ ‘ಕ್ರಿಯೇಟ್‌ಗ್ರಾಫಿಕ್ಸ್’ ಎಂಬ ಕ್ರಿಯೆಯಿಂದ ಕಿಟಕಿಯನ್ನೇ ಬೇಡಿ ಪಡೆಯುವುದೂ ಉಂಟು. ಆದರೆ ಹಾಗೆ ಬರೆದ ಚಿತ್ರವು ಕಿಟಕಿಯನ್ನು ಮಡಚಿ ಮತ್ತೆ ತೆರೆದಾಗ ಅಳಿಸಿಹೋಗಬಹುದು. ಪರದೆಯು ನಾವು ಬರೆದುದನ್ನು ತಾನಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಬೇಕಾದಾಗಲೆಲ್ಲ ಮತ್ತೆ ಬರೆಯಿಸಿಕೊಳ್ಳುತ್ತದೆ. ಈ ಮಾತು ಹುಡುಗಿಗೆ ನನಗಿಂತ ಬೇಗ ತಿಳಿಯಿತು. “ಬೆಳಿಗ್ಗೆ ಅಂಗಳ ಸಾರಿಸಿದ ಮೇಲೆ ರಂಗೋಲಿಯನ್ನು ಹೊಸದಾಗಿ ಇಡಬೇಕಲ್ಲ ಗುರುಗಳೇ, ಹಾಗೆ” ಎಂದಳು. ಹೌದು, ನೆನಪಿನಲ್ಲಿರುವುದು ಇಡುವ ಕ್ರಮ, ಇಟ್ಟ ಪುಡಿಯಲ್ಲ. ಇನ್ನೊಂದು ಮರ್ಯಾದೆಯೂ ಇದೆ. ತಾನು ಮಾಡಿಕೊಂಡ ಪೆನ್ನನ್ನು ಕೆಲಸ ಮುಗಿದ ಮೇಲೆ ತಾನೇ ವಿಸರ್ಜಿಸಬೇಕು. ಘಟನೆಯು ಕೊಟ್ಟ ಗ್ರಾಫಿಕ್ಸನ್ನು ಮಾತ್ರ ವಿಸರ್ಜಿಸಬಾರದು, ಅದು ಕಡ ತಂದ ಗುದ್ದಲಿಯಂತೆ. ತಾನು ಮಾಡಿಕೊಂಡುದನ್ನು ವಿಸರ್ಜಿಸುವ ವಾಕ್ಯಕ್ಕೂ ಇದೇ ‘ಯೂಸಿಂಗ್’ ಎಂಬ ಪದವನ್ನೇ ಬಳಸುತ್ತಾರೆ. ಒಂದೆಡೆ ಅದು ಅಧಿಕಾರ ಸೂತ್ರ, ಮತ್ತೊಂದೆಡೆ ವಿಸರ್ಜನೆಯ ಕಟ್ಟಳೆ. ಒಂದು ಪದಕ್ಕೆ ಎರಡು ಅರ್ಥವಿದ್ದರೆ ಪ್ರಕರಣವನ್ನು ನೋಡಿ ನಿರ್ಣಯಿಸಬೇಕೆಂಬುದು ನಾನಾರ್ಥ ಪಾಠದ ಮೊದಲ ನಿಯಮ.

ಇಷ್ಟಾದರೂ ಅವಳ ಕಾರ್ಯಕ್ರಮ ಇನ್ನೊಂದು ಕಡೆ ನಿಂತಿತು, ಮತ್ತು ಇಡೀ ಪ್ರಸಂಗದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ‘ಗ್ರಾಫಿಕ್ಸ್ ಜಿ’ ಎಂದು, ಗ್ರಾಫಿಕ್ಸ್ ಜಾತಿಯ ಜಿ ಎಂಬ ಹೆಸರನ್ನು ಇಟ್ಟುಕೊಳ್ಳಲು ಹೋದರೆ, ಗ್ರಾಫಿಕ್ಸ್ ಎಂಬುದು ನಾಮಕ್ಷೇತ್ರ, ಅದನ್ನು ಜಾತಿಯಂತೆ ಬಳಸಿದ್ದೀರಿ ಎಂದು ಯಂತ್ರ ಆಕ್ಷೇಪಿಸಿತು. ಈಗತಾನೆ ಜಾತಿಯೆಂದು ನಿರ್ಣಯವಾದದ್ದು ಕ್ಷೇತ್ರವಾದುದು ಹೇಗೆ? ಶಾಲೆಯ ಗಣಕ ಶಿಕ್ಷಕರೂ ಬಂದು ಕುಳಿತರು. ಕಾರಣ ಕಂಡದ್ದು ಕಡತದ ತಲೆಯಲ್ಲಿ. ಹುಡುಗಿ ತನ್ನ ಯೋಜನೆಗೇ ‘ಗ್ರಾಫಿಕ್ಸ್’ ಎಂದು ಹೆಸರಿಟ್ಟಿದ್ದಳು. ಯೋಜನೆಯ ಹೆಸರೇ ಅವಳು ಬರೆಯುವ ಎಲ್ಲಕ್ಕೂ ನಾಮಕ್ಷೇತ್ರವಾಗುವುದು ಆ ತಂತ್ರಾಂಶದ ವಾಡಿಕೆ. ಮನೆಯೂ ಗ್ರಾಫಿಕ್ಸ್, ಕರೆಯಬೇಕಾದವನೂ ಗ್ರಾಫಿಕ್ಸ್! ಯಂತ್ರವು ಹೆಸರನ್ನು ಒಳಗಿನಿಂದ ಹೊರಕ್ಕೆ ಹುಡುಕುತ್ತದೆ. ಅಧಿಕಾರ ಸೂತ್ರದಿಂದ ಬರುವ ದೂರದ ಹೆಸರಿಗಿಂತ ತಾನಿರುವ ಮನೆಯ ಹೆಸರು ಅದಕ್ಕೆ ಮೊದಲು ಸಿಕ್ಕಿತು. ಬಹಿರಂಗಕ್ಕಿಂತ ಅಂತರಂಗ ಬಲವತ್ತರವೆಂದು ವ್ಯಾಕರಣದಲ್ಲಿ ಒಂದು ಪರಿಭಾಷೆಯುಂಟು. ಇದು ಅದರ ನೆರೆಮನೆಯದು. ಪರಿಹಾರವೂ ಸುಲಭವೇ. ‘ಸಿಸ್ಟಮ್.ಡ್ರಾಯಿಂಗ್.ಗ್ರಾಫಿಕ್ಸ್’ ಎಂದು ಪೂರ್ತಿ ವಿಳಾಸ ಬರೆಯಬೇಕು, ಇಲ್ಲವೆ ಯೋಜನೆಯ ನಾಮಕ್ಷೇತ್ರಕ್ಕೆ ಬೇರೆ ಹೆಸರಿಡಬೇಕು. ಅವಳು ಅದಕ್ಕೆ ‘ರಂಗೋಲಿ’ ಎಂದು ಹೆಸರಿಟ್ಟಳು. ಅಂದು ಸಂಜೆಗೆ ಪರದೆಯ ಮೇಲೆ ಚುಕ್ಕಿಗಳೂ ಎಳೆಗಳೂ ಮೂಡಿದವು. ರಜೆ ಮುಗಿಸಿ ಅವಳು ಕಾಲೇಜಿಗೆ ಹಿಂತಿರುಗಿದಳು, ಓದನ್ನು ಮುಂದುವರಿಸಿದಳು.

ಅವಳು ಹೋದ ಮೇಲೆಯೂ ನನ್ನ ಮನಸ್ಸು ಆ ಚುಕ್ಕಿಯಲ್ಲಿಯೇ ನಿಂತಿತು. ರಂಗೋಲಿಯ ಚುಕ್ಕಿಯಲ್ಲ, ಹೆಸರು ಹೆಸರುಗಳ ನಡುವೆ ಇಡುವ ಚುಕ್ಕಿ. ಗೊಂದಲದ ಬೀಜವೆಲ್ಲ ಅಲ್ಲಿದೆ. ‘ಸಿಸ್ಟಮ್.ಡ್ರಾಯಿಂಗ್’ ಎಂಬಲ್ಲಿಯೂ ಚುಕ್ಕಿ, ‘ಜಿ.ಡ್ರಾಲೈನ್’ ಎಂಬಲ್ಲಿಯೂ ಅದೇ ಚುಕ್ಕಿ. ಚಿಹ್ನೆ ಒಂದು, ಸಂಬಂಧ ಬೇರೆ. ನಮ್ಮಲ್ಲಿ ಇದಕ್ಕೆ ಸರಿಸಾಟಿಯಾದುದು ಸಮಾಸ. ‘ಮರಗಾಲು’, ‘ಹಗಲುಗನಸು’, ‘ಕಣ್ಕುರುಡು’ ಈ ಮೂರರಲ್ಲಿಯೂ ಎರಡು ಪದಗಳು ಒಂದೇ ರೀತಿಯಲ್ಲಿ ಕೂಡಿಕೊಂಡಂತೆ ಕಾಣುತ್ತವೆ. ಬಿಡಿಸಿದರೆ ಮರದ ಕಾಲು, ಹಗಲಿನಲ್ಲಿ ಕನಸು, ಕಣ್ಣಿನಿಂದ ಕುರುಡು. ಷಷ್ಠಿ, ಸಪ್ತಮಿ, ತೃತೀಯೆಗಳು ಒಳಗೆ ಅಡಗಿ ಕುಳಿತಿವೆ. ‘ಕೈತೊಳೆ’ ಎಂಬಲ್ಲಿ ಕ್ರಿಯೆಯೇ ಉತ್ತರಪದ. ಸಮಾಸದಲ್ಲಿ ಲೋಪವಾದ ವಿಭಕ್ತಿಯನ್ನು ವಿಗ್ರಹವಾಕ್ಯದಲ್ಲಿ ಮರಳಿ ತರಬೇಕೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಗಣಕಭಾಷೆಯ ಚುಕ್ಕಿಯೂ ವಿಭಕ್ತಿಯನ್ನು ನುಂಗಿದ ಸಮಾಸವೇ. ಅದಕ್ಕೂ ವಿಗ್ರಹ ಮಾಡಿದರೆ ಸಂಶಯ ಹರಿಯುತ್ತದೆ: ‘ಸಿಸ್ಟಮ್.ಡ್ರಾಯಿಂಗ್.ಗ್ರಾಫಿಕ್ಸ್’ ಎಂದರೆ ಸಿಸ್ಟಮ್‌ನಲ್ಲಿರುವ ಡ್ರಾಯಿಂಗ್‌ನಲ್ಲಿರುವ ಗ್ರಾಫಿಕ್ಸ್, ‘ಜಿ.ಡ್ರಾಲೈನ್’ ಎಂದರೆ ಎಲೈ ಜಿ, ಗೆರೆಯನ್ನೆಳೆ. ಒಂದರಲ್ಲಿ ಸಪ್ತಮಿ, ಇನ್ನೊಂದರಲ್ಲಿ ಸಂಬೋಧನೆ.

ಸಂಬೋಧನೆಯೆಂದು ಒಪ್ಪಿದ ಮೇಲೆ ಇಡೀ ಆಜ್ಞೆಯು ಕಾರಕ ಪ್ರಕರಣದ ಪಾಠವಾಗಿ ತೆರೆದುಕೊಳ್ಳುತ್ತದೆ. ಡ್ರಾಲೈನ್ ಕ್ರಿಯೆಗೆ ಆವರಣದೊಳಗೆ ಲೇಖನಿಯನ್ನೂ ಎರಡು ಬಿಂದುಗಳ ಸ್ಥಾನಗಳನ್ನೂ ಕೊಡಬೇಕು. ಕನ್ನಡದಲ್ಲಿ ಓದಿದರೆ ಹೀಗಾಗುತ್ತದೆ: ಎಲೈ ಜಿ, ಈ ಕಿಟಕಿಯಲ್ಲಿ, ಈ ಲೇಖನಿಯಿಂದ, ಆ ಬಿಂದುವಿನ ದೆಸೆಯಿಂದ ಈ ಬಿಂದುವಿಗೆ ಗೆರೆಯನ್ನು ಎಳೆ. ಕಿಟಕಿ ಅಧಿಕರಣ, ಲೇಖನಿ ಕರಣ, ಮೊದಲ ಬಿಂದು ಅಪಾದಾನ, ಎರಡನೆಯ ಬಿಂದುವಿಗೆ ಚತುರ್ಥಿ, ಗೆರೆ ಕರ್ಮ, ಜಿ ಕರ್ತೃ. ಲೇಖನಿ ಮತ್ತು ನಾಲ್ಕು ಸಂಖ್ಯೆಗಳ ಅನುಕ್ರಮವನ್ನು ಕಣ್ಣು ಮುಚ್ಚಿ ಬಾಯಿಪಾಠ ಮಾಡುವ ಬದಲು ಹೀಗೆ ಅನ್ವಯ ಮಾಡಿಕೊಂಡು ಓದಿದ ಮಗುವಿಗೆ, ಯಾವುದನ್ನು ಎಲ್ಲಿ ಕೊಡಬೇಕೆಂಬುದು ಮರೆಯುವ ಸಂಭವ ಕಡಮೆ.

ಅಪವಾದಗಳನ್ನು ಹೇಳದೆ ಉತ್ಸರ್ಗವನ್ನು ಮಾತ್ರ ಹೇಳುವುದು ಶಾಸ್ತ್ರಕ್ಕೆ ಒಪ್ಪದು. ಜಾತಿಯ ಹೆಸರಿನಿಂದಲೇ ಕರೆಯಬಹುದಾದ ‘ಸ್ಟ್ಯಾಟಿಕ್’ ಕ್ರಿಯೆಗಳೂ ಉಂಟು. ಕೆಂಪು, ಹಸಿರು, ನೀಲಿಗಳ ಪ್ರಮಾಣ ಕೊಟ್ಟು ಬಣ್ಣವನ್ನು ಪಡೆಯುವ ‘ಕಲರ್.ಫ್ರಮ್‌ಎಆರ್‌ಜಿಬಿ’ ಅಂತಹುದು, ಅಲ್ಲಿ ಇನ್ನೂ ವ್ಯಕ್ತಿಯೇ ಹುಟ್ಟಿಲ್ಲವಾದ್ದರಿಂದ ಜಾತಿಯನ್ನೇ ಕೇಳಬೇಕಾಗುತ್ತದೆ. ಕನ್ನಡ ಅಕ್ಷರಗಳನ್ನು ಪರದೆಯ ಮೇಲೆ ಬರೆಯುವವರಿಗೆ ಇನ್ನೊಂದು ನಿದರ್ಶನ ಉಪಯುಕ್ತವಾದೀತು. ಗ್ರಾಫಿಕ್ಸ್ ವ್ಯಕ್ತಿಯ ‘ಡ್ರಾಸ್ಟ್ರಿಂಗ್’ ಎಂಬ ಕ್ರಿಯೆಯಿಂದಲೂ ಅಕ್ಷರ ಬರೆಯಬಹುದು; 2005ರ ಆವೃತ್ತಿಯಲ್ಲಿ ಸೇರಿದ ‘ಟೆಕ್ಸ್ಟ್‌ರೆಂಡರರ್.ಡ್ರಾಟೆಕ್ಸ್ಟ್’ ಎಂಬ ಜಾತಿಗತ ಕ್ರಿಯೆಯಿಂದಲೂ ಬರೆಯಬಹುದು. ಎರಡನೆಯದರಲ್ಲಿ ಗ್ರಾಫಿಕ್ಸ್ ವ್ಯಕ್ತಿಯು ಮರೆಯಾಗುವುದಿಲ್ಲ. ಚುಕ್ಕಿಯ ಎಡಗಡೆಯಿಂದ ಆವರಣದ ಒಳಕ್ಕೆ ಬಂದು ಕುಳಿತಿರುತ್ತದೆ. ಕರ್ತೃವಾಗಿದ್ದುದು ಅಧಿಕರಣವಾಯಿತು, ವಾಕ್ಯದಿಂದ ಹೊರಗೆ ಹೋಗಲಿಲ್ಲ.

ನಾಮಕ್ಷೇತ್ರವೇ ಗೆರೆಯೆಳೆಯುವಂತೆ ಕಾಣುವ ಸಂದರ್ಭಗಳೂ ಇವೆ. ಪೈಥಾನ್ ಭಾಷೆಯಲ್ಲಿ ‘ಟರ್ಟಲ್’ ಎಂಬ ಆಮೆಯ ಚಿತ್ರಕಲೆಯಿದೆ. 1967ರಲ್ಲಿ ಹುಟ್ಟಿದ ಲೋಗೋ ಭಾಷೆಯ ಪರಂಪರೆಯದು. ಅಲ್ಲಿ ‘ಟರ್ಟಲ್.ಫಾರ್ವರ್ಡ್’ ಎಂದು ಭಂಡಾರದ ಹೆಸರನ್ನೇ ಹಿಡಿದು ಹೇಳಿದರೂ ಗೆರೆ ಮೂಡುತ್ತದೆ. ಹಾಗಾದರೆ ಊರೇ ಉತ್ತಂತಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲ. ಆ ಮಾತು ಕಿವಿಗೆ ಬಿದ್ದೊಡನೆ ಯಂತ್ರವು ತೆರೆಯ ಮರೆಯಲ್ಲಿ ಹೆಸರಿಲ್ಲದ ಒಂದು ಆಮೆಯನ್ನು ಸೃಷ್ಟಿಸಿ ಅದಕ್ಕೆ ಕೆಲಸ ಒಪ್ಪಿಸುತ್ತದೆ. ನಮ್ಮಲ್ಲಿ ಇದಕ್ಕೆ ಅಧ್ಯಾಹಾರವೆಂದು ಹೆಸರು. “ಬಾ” ಎಂದರೆ “ನೀನು” ಎಂಬುದನ್ನು ತಂದುಕೊಳ್ಳುವಂತೆ. ಮನೆಯಲ್ಲಿ ಒಬ್ಬನೇ ಮಗನಿದ್ದರೆ “ನೀರು ತಾ” ಎಂದರೆ ಸಾಕು. ಇಬ್ಬರಾದರೆ ಹೆಸರು ಹಿಡಿಯಬೇಕು. ಎರಡು ಆಮೆಗಳು ಬೇಕೆಂದೊಡನೆ ಪೈಥಾನಿನಲ್ಲಿಯೂ ಹೆಸರಿಟ್ಟೇ ಕರೆಯಬೇಕು. ನಮ್ಮ ನಾಡಿನ ಅನೇಕ ಕಾಲೇಜುಗಳಲ್ಲಿ ಬಹುಕಾಲ ಕಲಿಸಿದ ಟರ್ಬೊ ಸಿ ತಂತ್ರಾಂಶದಲ್ಲಿ ‘ಲೈನ್’, ‘ಸರ್ಕಲ್’ ಎಂದಷ್ಟೇ ಬರೆದರೆ ಸಾಕಾಗುತ್ತಿದ್ದುದಕ್ಕೂ ಇದೇ ಕಾರಣ. ಇದ್ದುದು ಒಂದೇ ಪರದೆ, ಒಬ್ಬನೇ ಮಗ. ಅಲ್ಲಿ ಕಲಿತ ಅಧ್ಯಾಪಕರಿಗೆ ಕರ್ತೃವನ್ನು ಹೆಸರಿಸುವ ಅಗತ್ಯ ಸಹಜವಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಹೀಗೆ ಬರೆಯುತ್ತಿರುವಾಗ, ಎಲ್ಲವೂ ನಮ್ಮ ಶಾಸ್ತ್ರಗಳಲ್ಲಿಯೇ ಇತ್ತು ಎಂದು ಬೀಗುವ ಸಾಲಿಗೆ ನನ್ನನ್ನೂ ಸೇರಿಸಿಬಿಟ್ಟೀರಿ. ಪಾಣಿನಿಯು ಗಣಕಯ‌ಂತ್ರವನ್ನು ಕಂಡಿದ್ದನೆಂದು ಹೇಳುವವನು ನಾನಲ್ಲ. ಜಾತಿ, ವ್ಯಕ್ತಿಗಳನ್ನು ಗಣಕಭಾಷೆಗೆ ತಂದ ಕೀರ್ತಿ ನಾರ್ವೆ ದೇಶದ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಎಂಬ ವಿದ್ವಾಂಸರದು. ಅವರ ಸಿಮ್ಯುಲಾ 67 ಎಂಬ ಭಾಷೆಯ ಹೆಸರಿನಲ್ಲಿಯೇ ಅದರ ವರ್ಷವಿದೆ. ಅದೇ 1967ರಲ್ಲಿ ಇಂಗರ್‌ಮನ್ ಎಂಬ ವಿದ್ವಾಂಸರು, ಗಣಕಭಾಷೆಗಳ ವ್ಯಾಕರಣವನ್ನು ಬರೆಯುವ ಕ್ರಮಕ್ಕೆ ಬ್ಯಾಕಸ್ ಅವರ ಹೆಸರಿನೊಡನೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸಲಹೆ ಮಾಡಿದರು. ಅದು ಅವರ ಔದಾರ್ಯ. ನಾನು ಹೇಳುವುದು ಇಷ್ಟೆ: ಹೆಸರು, ಹೆಸರುಳ್ಳದ್ದು, ಅದರ ನೆಲೆ, ಅದರ ಕ್ರಿಯೆ ಎಂಬ ನಾಲ್ಕನ್ನು ಬೇರ್ಪಡಿಸುವ ಅಭ್ಯಾಸ ಎಲ್ಲಿ ಬೆಳೆಯಿತೋ ಅಲ್ಲಿ ಈ ಹೊಸ ವಿದ್ಯೆಗೆ ನೆಲ ಹದವಾಗಿರುತ್ತದೆ.

ಕೊನೆಯದಾಗಿ, ಆ ಮಗುವಿಗೆ ತರಗತಿಯಲ್ಲಿ ಆಡಿದ ಮಾತಿನ ವಿಚಾರ. ‘ಸಿಸ್ಟಮ್.ಡ್ರಾಯಿಂಗ್’ ಗೆರೆಯೆಳೆಯಲಿ ಎಂದು ಬರೆದುದು ತರ್ಕಹೀನತೆಯೆ? ಅಲಂಕಾರಶಾಸ್ತ್ರವನ್ನು ಬಲ್ಲವರು ಹಾಗೆನ್ನಲಾರರು. ಮಂಚಗಳು ಕೂಗುತ್ತಿವೆ ಎಂದರೆ ಮಂಚದ ಮೇಲಿನವರು ಕೂಗುತ್ತಿದ್ದಾರೆಂದು ತಿಳಿಯುತ್ತೇವೆ. ಊರು ನಕ್ಕಿತು ಎಂದರೆ ಊರ ಜನ ನಕ್ಕರೆಂದು ತಿಳಿಯುತ್ತೇವೆ. ಮುಖ್ಯಾರ್ಥ ಹೊಂದದಿದ್ದಾಗ ಅದಕ್ಕೆ ಸಂಬಂಧಿಸಿದ ಅರ್ಥವನ್ನು ಹಿಡಿಯುವ ಈ ಶಕ್ತಿಗೆ ಲಕ್ಷಣೆಯೆಂದು ಹೆಸರು. ಊರಿನ ಹೆಸರು ಹೇಳಿ ಊರವನನ್ನು ಕರೆಯುವುದು ಮನುಷ್ಯನ ಭಾಷೆಯ ದೋಷವಲ್ಲ, ಸಂಪತ್ತು. ಕನ್ನಡದವರೂ ಹಾಗೆ ಮಾತಾಡುತ್ತಾರೆ, ಇಂಗ್ಲಿಷಿನವರೂ ಹಾಗೆಯೇ ಮಾತಾಡುತ್ತಾರೆ. ಯಂತ್ರಕ್ಕೆ ತಿಳಿಯುವುದು ಅಭಿಧೆ ಒಂದೇ. ಕಾರ್ಯಕ್ರಮವನ್ನು ಓದುವಾಗ ಅದು ಲಕ್ಷಣೆಯನ್ನು ಒಪ್ಪುವುದಿಲ್ಲ. ಆದುದರಿಂದ ಆ ಮಗು ಎಡವಿದ್ದು ಬುದ್ಧಿ ಕಡಮೆಯಾಗಿ ಅಲ್ಲ. ಮನುಷ್ಯರೊಡನೆ ಆಡುವಂತೆ ಯಂತ್ರದೊಡನೆಯೂ ಆಡಿದ್ದರಿಂದ. ಈ ಭೇದವನ್ನು ಅರ್ಧ ಗಂಟೆಯಲ್ಲಿ ತಿಳಿಸಬಹುದಾಗಿದ್ದೆಡೆ, ಒಂದು ನುಡಿಯಿಂದ ಒಂದು ಮನೆಯ ಮೊದಲ ವಿದ್ಯಾವಂತೆಯನ್ನು ಹಿಂದಕ್ಕೆ ಕಳುಹಿಸುವ ಹಂತಕ್ಕೆ ತಂದಿದ್ದುದು ವಿಷಾದದ ಸಂಗತಿ. ಅವಳ ಪ್ರಶ್ನೆಗೆ ನನ್ನ ಉತ್ತರ ಇದು: ಅಡ್ಡಿಯಾದದ್ದು ಇಂಗ್ಲಿಷಿನ ಅಭಾವವಲ್ಲ, ವಿಗ್ರಹವಾಕ್ಯದ ಅಭಾವ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ದುಡಿಯುತ್ತಿರುವವರು ಹಲವರಿದ್ದಾರೆ. ಅವರಲ್ಲಿ ನನ್ನದೊಂದು ಪ್ರಾರ್ಥನೆ. ವರ್ಷಕ್ಕೆ ಎರಡು ದಿನ ಬಂದು, ನಮ್ಮ ವ್ಯಾಕರಣದ ಅವಧಿಯಲ್ಲಿ ನಮ್ಮೊಡನೆ ಕುಳಿತು, ಯಂತ್ರವು ಹೇಳುವ ನೂರು ಸಾಮಾನ್ಯ ಆಕ್ಷೇಪಣೆಗಳನ್ನು ಕನ್ನಡದಲ್ಲಿ ಉದಾಹರಣೆ ಸಹಿತ ವಿವರಿಸುವ ಒಂದು ಕೈಪಿಡಿಯನ್ನು ಸಿದ್ಧಪಡಿಸಲು ನೆರವಾಗಬೇಕು. ಪರಿಭಾಷೆಯನ್ನು ಹುಡುಕುವ ಹೊಣೆ ನಮ್ಮದು, ಪ್ರಯೋಗವನ್ನು ತಿದ್ದುವ ಹೊಣೆ ಅವರದು. ದಾನಿಗಳಲ್ಲಿ ಮತ್ತೊಂದು ಬಿನ್ನಹ. ಗಣಕ ಕೊಠಡಿಗೆ ನೀವು ನೀಡುವ ಪ್ರತಿ ಯಂತ್ರವೂ ಸ್ವಾಗತಾರ್ಹವೇ. ಆದರೆ ಆ ಕೊಠಡಿಗೆ ಸಮಯ ಹೊಂದಿಸಲೆಂದು ವ್ಯಾಕರಣದ ಅವಧಿಯನ್ನು ಮೊಟಕುಗೊಳಿಸುವ ಮಾತು ಎಲ್ಲಿಯಾದರೂ ಬಂದರೆ, ಅದಕ್ಕೆ ನಿಮ್ಮ ಸಮ್ಮತಿಯಿರದಿರಲಿ. ವಿಭಕ್ತಿಯನ್ನು ಬಲ್ಲ ಮಗು ಚುಕ್ಕಿಗೆ ಹೆದರುವುದಿಲ್ಲ. ಗಣಕ ಕೊಠಡಿಯೂ ವ್ಯಾಕರಣದ ತರಗತಿಯೂ ಒಂದೇ ಸೂರಿನಡಿ, ಒಂದರ ಮಾತು ಇನ್ನೊಂದಕ್ಕೆ ಕೇಳಿಸುವಷ್ಟು ಹತ್ತಿರದಲ್ಲಿ ಬೆಳೆಯಲಿ ಎಂದು ಹಾರೈಸಿ ವಿರಮಿಸುತ್ತೇನೆ.